ಮೂರು ಸುತ್ತು ಮಾತ್ರೆ

ಜನವರಿ ೯

ತಮ್ಮನ ಹೆಂಡತಿ ಬಂದಿಳಿದಳು. ಎರಡು ಸೂಟ್‌ಕೇಸು, ಒಂದು ಮಡಚುವ ಕುರ್ಚಿ, ನಾಲ್ಕು ಜೊತೆ ಷೂ. ಜೊತೆಗೆ ನೆತ್ತಿಯ ಮೇಲೆ ಹಳದಿ ಬೋರ್ಡು ಹೊತ್ತ ಡ್ರೈವಿಂಗ್ ಸ್ಕೂಲಿನ ಕಾರು. ಅವಳು ಅಲ್ಲಿ ಕಲಿಸುವವಳು. ಈ ಊರಿನ ಶಾಖೆಗೆ ವರ್ಗ ಕೇಳಿ ಪಡೆದಿದ್ದಾಳೆ, ಕ್ಲಿನಿಕ್ಕು ನನ್ನ ಮನೆಯಿಂದ ಎರಡು ಬೀದಿ ಆಚೆ ಇದೆ ಅಂತ. ತಮ್ಮ ಸೇತುವೆ ಕಟ್ಟುವ ಕಡೆ ಇದ್ದಾನೆ, ದಿನವಿಡೀ ಪ್ರಯಾಣದ ದೂರ.

ಮದುವೆಯಾಗಿ ಆರು ವರ್ಷ. ಮಗು ಬೇಕು. ಇವಳಿಗೆ ಮುಟ್ಟು ಬಂದರೆ ಬಂತು, ಇಲ್ಲದಿದ್ದರೆ ತಿಂಗಳುಗಟ್ಟಲೆ ಇಲ್ಲ. ವಯಸ್ಸು ಮೂವತ್ತನಾಲ್ಕು. ಅಲ್ಲಿಯ ಡಾಕ್ಟರು ಹಾರ್ಮೋನು ಏರುಪೇರು, ತೂಕ ಇಳಿಸಿ ಎಂದು ಕಳಿಸಿದ್ದರಂತೆ. ಇಲ್ಲಿಯ ಡಾಕ್ಟರು ಸಿಗುವುದು ಬರುವ ತಿಂಗಳು.

"ನಾಲ್ಕೈದು ತಿಂಗಳು ಅಷ್ಟೇ ಅಕ್ಕ" ಎಂದ ತಮ್ಮ ಫೋನಿನಲ್ಲಿ. ಆಗಲಿ ಎಂದೆ. ಬೇರೆ ಏನು ಹೇಳಲಿಕ್ಕಾಗುತ್ತಿತ್ತು? ನನ್ನ ಓದುವ ಕೋಣೆ ಅವಳಿಗೆ ಹೋಯಿತು. ಕವನ ಸಂಕಲನಗಳೆಲ್ಲ ನನ್ನ ಮಂಚದ ಕೆಳಗೆ ಹೋದವು. ಮನೆಗೆ ಬಂದ ಅರ್ಧ ಗಂಟೆಯಲ್ಲಿ ಎಲ್ಲ ಕೋಣೆಯ ದೀಪಗಳನ್ನೂ ಹಾಕಿದ್ದಾಳೆ.

ಜನವರಿ ೧೫

ಅವಳ ಬಳಿ ಒಂದು ಡಬ್ಬಿ ಪಟ್ಟಿಗಳಿವೆ. ಮೂತ್ರದಲ್ಲಿ ಅದ್ದಿದರೆ ಮೊಟ್ಟೆ ಯಾವಾಗ ಹೊರಬರುತ್ತದೆ ಎಂದು ಹೇಳುವ ಪಟ್ಟಿ. ಎರಡನೆಯ ಗೆರೆ ಮೊದಲನೆಯದರಷ್ಟೇ ಗಾಢವಾದರೆ ಇನ್ನೊಂದೆರಡು ದಿನದಲ್ಲಿ ಬರುತ್ತದೆ ಎಂದರ್ಥ. ಅವಳು ಅದನ್ನು ಹೊತ್ತುಗೊತ್ತಿಲ್ಲದೆ ಅದ್ದುತ್ತಾಳೆ, ಬಚ್ಚಲಿನ ಮಂಕು ದೀಪದಲ್ಲಿ ಓದುತ್ತಾಳೆ. ನನಗೆ ತಡೆಯಲಾಗಲಿಲ್ಲ. ನಮ್ಮ ಬೀಜ ಪರೀಕ್ಷೆಯ ಲ್ಯಾಬಿನಲ್ಲಿ ಒದ್ದೆ ಕಾಗದದ ಮೇಲೆ ಬೀಜ ಹರವಿ ಮೊಳಕೆ ಎಣಿಸುವುದಕ್ಕೂ ಒಂದು ಕ್ರಮವಿದೆ. ಡಬ್ಬಿಯನ್ನು ನನ್ನ ಸುಪರ್ದಿಗೆ ತೆಗೆದುಕೊಂಡೆ. ದಿನವೂ ಒಂದೇ ಹೊತ್ತು, ತೊಳೆದ ಲೋಟ, ಕಿಟಕಿಯ ಬೆಳಕು.

ಇಂದು ಎರಡು ಗೆರೆ. ಎರಡೂ ಅಚ್ಚುಕಟ್ಟಾಗಿ ಗಾಢ.

"ಅತ್ತಿಗೆ, ನೀವು ಹೇಳಿದ ಮೇಲೆ ಮುಗೀತು. ನನಗೆ ಗೆರೆ ಕಂಡ್ರೆ ಝೀಬ್ರಾ ಕ್ರಾಸಿಂಗೇ ನೆನಪಾಗೋದು" ಎಂದಳು.

ತಮ್ಮನಿಗೆ ನಾನೇ ಫೋನು ಮಾಡಿ ಹೊರಡು ಎಂದೆ.

ಜನವರಿ ೧೮

ತಮ್ಮ ಬಂದಿದ್ದಾನೆ, ಕಿವಿಯೊಳಗೆಲ್ಲ ಸಿಮೆಂಟು. ಕೆಲಸ ಮುಗಿದ ಮೇಲೆ ನಾನು ಪಾರ್ಕಿನಲ್ಲಿ ಕತ್ತಲಾಗುವವರೆಗೆ ಕೂತಿದ್ದೆ. ನನ್ನದೇ ಮನೆಗೆ ಹೋಗಲು ಹೊತ್ತು ನೋಡಿಕೊಳ್ಳಬೇಕಾಗಿದೆ. ಪಟ್ಟಿಯಲ್ಲಿ ಈಗಲೂ ಎರಡು ಗೆರೆ.

ಜನವರಿ ೨೪

ಇನ್ನೂ ಎರಡು ಗೆರೆ.

"ಇವಳ ಮೊಟ್ಟೆ ಥೇಟ್ ಇವಳ ಹಾಗೇ" ಎಂದ ತಮ್ಮ. "ಹೊರಟೆ ಹೊರಟೆ ಅಂತ ಚಪ್ಪಲಿ ಮೆಟ್ಕೊಂಡು ಒಂದು ಗಂಟೆ ಬಾಗಿಲಲ್ಲೇ ಹರಟೆ."

ಅವಳು ದಿಂಬು ಎಸೆದಳು. ಅದು ನನ್ನ ಕಾಫಿಯ ಲೋಟಕ್ಕೆ ತಾಗಿತು. ಯಾರೂ ಒರೆಸಲಿಲ್ಲ, ನಾನೇ ಒರೆಸಿದೆ.

ಇನ್ನು ನಾಲ್ಕು ದಿನ ಇರು, ಪಟ್ಟಿ ಸುಳ್ಳು ಹೇಳುವುದಿಲ್ಲ ಎಂದು ತಮ್ಮನಿಗೆ ಹೇಳಿದೆ. ಸೈಟಿಗೆ ಫೋನು ಮಾಡಿ ವರ್ಷದ ರಜೆಯಲ್ಲಿ ಉಳಿದದ್ದನ್ನೂ ಹಾಕಿದ.

ಫೆಬ್ರವರಿ ೬

ಡಾಕ್ಟರು ನನಗಿಂತ ಚಿಕ್ಕವಳು, ಕನ್ನಡಕ ಹಣೆಯ ಮೇಲೆ. ಸ್ಕ್ಯಾನಿನ ಪರದೆಯನ್ನು ನಮ್ಮ ಕಡೆಗೇ ತಿರುಗಿಸಿದಳು. ಅಂಡಾಶಯದ ಅಂಚಿನುದ್ದಕ್ಕೂ ಪುಟ್ಟ ಪುಟ್ಟ ಕಪ್ಪು ಚುಕ್ಕೆಗಳು, ಒತ್ತೊತ್ತಾಗಿ.

"ಇದು ಪಿಸಿಓಎಸ್. ಇವನ್ನ ನೋಡಿ ಗಂಟು ಅಂತ ಜನ ಹೆದರ್ತಾರೆ. ಗಂಟಲ್ಲ. ಒಂದೊಂದರಲ್ಲೂ ಒಂದೊಂದು ಮೊಟ್ಟೆ ಇದೆ. ಪ್ರತಿ ತಿಂಗಳು ಹೀಗೆ ಹಲವು ಒಟ್ಟಿಗೆ ಹೊರಡ್ತವೆ, ಒಂದು ಮುಂದೆ ಹೋಗುತ್ತೆ, ಮಿಕ್ಕವು ಹಿಂದೆ ಸರೀತವೆ. ನಿಮ್ಮಲ್ಲಿ ಯಾವುದೂ ಮುಂದೆ ಹೋಗ್ತಿಲ್ಲ, ಎಲ್ಲ ಅರ್ಧ ದಾರೀಲಿ ನಿಂತಿವೆ."

"ಟ್ರಾಫಿಕ್ ಜಾಮು" ಎಂದಳು ತಮ್ಮನ ಹೆಂಡತಿ, ಮಲಗಿದಲ್ಲಿಂದಲೇ.

"ಹೂಂ, ಅದೇ."

ನಾನು ಪಟ್ಟಿಯ ವಿಷಯ ಹೇಳಿದೆ. ಎಷ್ಟು ದಿನ, ಯಾವ ಹೊತ್ತು, ಎಂಥ ಬೆಳಕು, ಎಲ್ಲ. ಡಾಕ್ಟರು ಸಹನೆಯಿಂದ ಕೇಳಿಸಿಕೊಂಡಳು.

"ನೀವು ಓದಿದ್ದು ಸರಿಯಾಗೇ ಇದೆ. ಆದ್ರೆ ಆ ಪಟ್ಟಿ ಮೊಟ್ಟೆಯನ್ನ ನೋಡಲ್ಲ. ಹೊರಡು ಅಂತ ಮೊಟ್ಟೆಗೆ ಹೇಳೋ ಹಾರ್ಮೋನನ್ನ ನೋಡುತ್ತೆ. ಪಿಸಿಓಎಸ್ ಇರೋ ಎಷ್ಟೋ ಜನರಲ್ಲಿ ಅದು ಯಾವಾಗ್ಲೂ ಜಾಸ್ತಿ. ಇವರದೇ ಮಾತಲ್ಲಿ ಹೇಳ್ಬೇಕಂದ್ರೆ, ನೀವು ಕೇಳಿಸಿಕೊಂಡಿದ್ದು ಹಾರ್ನು. ಗಾಡಿ ಹೊರಟಿರಲಿಲ್ಲ."

ತಮ್ಮನ ಹೆಂಡತಿ ಕೇಳಿದಳು, "ಹಾಗಾದ್ರೆ ನನ್ನ ಮೊಟ್ಟೆ ಕೆಟ್ಟಿದೆಯಾ ಡಾಕ್ಟ್ರೇ?"

"ನಿಂತಿದೆ ಅಂದೆ. ಕೆಟ್ಟಿದೆ ಅನ್ನಲಿಲ್ಲ. ರಕ್ತದಲ್ಲಿ ಇನ್ಸುಲಿನ್ ಜಾಸ್ತಿ, ಗಂಡು ಹಾರ್ಮೋನು ಜಾಸ್ತಿ ಆದಾಗ ಮೊಟ್ಟೆ ಬೆಳೆಯೋ ಜಾಗದ ಹದ ತಪ್ಪುತ್ತೆ. ಕೆಲವು ಪೂರ್ತಿ ಬಲಿಯಲ್ಲ, ಕೆಲವು ಚೆನ್ನಾಗೇ ಬಲೀತವೆ. ಯಾವುದು ಹೇಗೆ ಅಂತ ಸ್ಕ್ಯಾನಲ್ಲಿ ಕಾಣಲ್ಲ. ಹದ ಸರಿಮಾಡೋದು ನಮ್ಮ ಕೈಲಿದೆ. ನಡೀರಿ, ನಿದ್ದೆ ಮಾಡಿ, ಮಾತ್ರೆ ತಗೊಳ್ಳಿ."

ಮೊದಲು ಮುಟ್ಟು ಬರಿಸಲು ಒಂದು ಮಾತ್ರೆ. ಮುಟ್ಟಿನ ಮೂರನೇ ದಿನದಿಂದ ಮೊಟ್ಟೆಗೆ ಇನ್ನೊಂದು. ಇದು ಒಂದು ಸುತ್ತು. ಆಗದಿದ್ದರೆ ಮುಂದಿನ ಸುತ್ತಿನಲ್ಲಿ ಮಾತ್ರೆ ಹೆಚ್ಚು.

ದಾರಿಯಲ್ಲಿ ಅವಳು ಹೇಳಿದಳು: "ಮೂರು ಸುತ್ತು ಅತ್ತಿಗೆ. ನಾವಿಬ್ಬರೂ ಮಾತಾಡ್ಕೊಂಡಿದೀವಿ. ಆಮೇಲೆ ನಾನು ಗಂಟುಮೂಟೆ ಕಟ್ಟಿ ಅವರಿದ್ದ ಕಡೆ ಹೋಗೋದೇ. ಮತ್ತೆ ಈ ವಿಷಯ ಎತ್ತಲ್ಲ. ಯಾರಾದ್ರೂ ಎತ್ತಿದ್ರೆ ಅವರ ಕಾಲ ಮೇಲೆ ಗಾಡಿ ಹತ್ತಿಸ್ತೀನಿ."

ಫೆಬ್ರವರಿ ೭

ಡಬ್ಬಿಯ ಹಿಂಭಾಗ ಸಣ್ಣ ಅಕ್ಷರದಲ್ಲಿ ಬರೆದಿದೆ: ಮುಟ್ಟು ಕ್ರಮವಾಗಿಲ್ಲದವರಲ್ಲಿ ಫಲಿತಾಂಶ ನಂಬಲರ್ಹವಲ್ಲ. ಬೀಜದ ಪೊಟ್ಟಣದ ಹಿಂಭಾಗ ಓದದಿದ್ದರೆ ಕೈಕೆಳಗಿನವರನ್ನು ನಾನು ಸುಮ್ಮನೆ ಬಿಡುವುದಿಲ್ಲ.

ತಮ್ಮನಿಗೆ ಹೇಳಿದೆ. ಮೊದಲು ನಕ್ಕ. ಆಮೇಲೆ "ಹೋಗಲಿ ಬಿಡಕ್ಕ" ಎಂದ. ನಕ್ಕಿದ್ದೇ ವಾಸಿಯಿತ್ತು.

ಫೆಬ್ರವರಿ ೧೯

ಬೆಳಿಗ್ಗೆ ನಡೆಯಲು ಜೊತೆಗೆ ಬನ್ನಿ ಎನ್ನುತ್ತಾಳೆ. ಒಬ್ಬಳೇ ನಡೆದರೆ ಎಲ್ಲ ಕಾರುಗಳನ್ನೂ ಬೈಯುತ್ತ ನಿಲ್ಲುತ್ತಾಳಂತೆ. ಹೋದೆ. ಇಂಡಿಕೇಟರ್ ಹಾಕದೆ ತಿರುಗಿದ ಮೂವರಿಗೆ ನನ್ನೆದುರೇ ಬೈಗುಳ ಬಿತ್ತು. ನನ್ನ ಮಂಡಿ ನೋಯುತ್ತಿದೆ.

ಮಾರ್ಚ್ ೧

ಮೊದಲ ಸುತ್ತಿನ ಸ್ಕ್ಯಾನ್. ಯಾವುದೂ ಮುಂದೆ ಹೋಗಿಲ್ಲ. ಅವೇ ಚುಕ್ಕೆಗಳು, ಅದೇ ಅಳತೆ. ಡಾಕ್ಟರು "ಮುಂದಿನ ಸುತ್ತಿಗೆ ಎರಡು ಮಾತ್ರೆ" ಎಂದು ಬರೆದುಕೊಟ್ಟಳು. ಇವಳು "ಸರಿ" ಎಂದಳು. ಮನೆಗೆ ಬಂದವಳೇ ಕಾರು ತೊಳೆಯಲು ನಿಂತಳು. ಚಕ್ರದ ಒಳಗಡೆಯನ್ನೂ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು. ನಾನು ಬಕೆಟ್ಟಿಗೆ ನೀರು ತುಂಬಿಸಿ ಕೊಡುತ್ತಿದ್ದೆ.

ಮಾರ್ಚ್ ೯

ಭಾನುವಾರ ಬೆಳಿಗ್ಗೆ ನಾನು ಗಲ್ಲದ ಮೇಲಿನ ಕೂದಲು ಕೀಳುತ್ತೇನೆ. ಲ್ಯಾಬಿನಲ್ಲಿ ಬೀಜ ಎತ್ತಲು ಬಳಸುವಂಥದ್ದೇ ಚೂಪು ತುದಿಯ ಚಿಮಟ, ಮನೆಗೂ ಒಂದು ಕೊಂಡಿಟ್ಟುಕೊಂಡಿದ್ದೇನೆ. ಈ ಕೆಲಸ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಇಂದು ಕದ ಪೂರ್ತಿ ಹಾಕಿರಲಿಲ್ಲ.

"ಓಹೋ, ಅತ್ತಿಗೆ, ನೀವೂ ನಮ್ಮ ಪಾರ್ಟೀನಾ?"

ಅವಳೂ ತನ್ನ ಚಿಮಟ ತಂದಳು. ಹುಬ್ಬಿಗೆ ಬಳಸುವ ಮೊಂಡು ಸಾಮಾನು. ನನ್ನದನ್ನು ಒಮ್ಮೆ ಪ್ರಯೋಗಿಸಿ ನೋಡಿದಳು. "ಇದು ಚಿಮಟ ಅಲ್ಲ ಕಣ್ರೀ, ಆಯುಧ. ಇಷ್ಟು ದಿನ ಒಂದೇ ಮನೇಲಿದ್ದು ಬಚ್ಚಿಟ್ಟಿದ್ರಲ್ಲ."

ಕಿಟಕಿಯ ಹತ್ತಿರ ನಿಂತೆವು. ಅವಳ ದವಡೆಯ ಕೆಳಗೆ ಅವಳಿಗೆ ಕಾಣದ ಕೂದಲುಗಳಿದ್ದವು, ಅವನ್ನು ನಾನು ತೆಗೆದೆ. ಕತ್ತು ಎತ್ತಿ ಹಿಡಿದು ಮಾತಾಡುತ್ತಲೇ ಇದ್ದಳು. ಶಾಲೆಯಲ್ಲಿ ಹುಡುಗರು ಅವಳನ್ನು ಮೀಸೆಮಾವ ಎನ್ನುತ್ತಿದ್ದರಂತೆ. ಒಬ್ಬನ ಸೈಕಲ್ಲಿನ ಗಾಳಿ ಒಂದು ವರ್ಷ ಪೂರ್ತಿ ತೆಗೆದಳಂತೆ.

"ನಿಮಗೆ ತಿಂಗಳ ಲೆಕ್ಕ ಹೇಗಿತ್ತು ಅತ್ತಿಗೆ?"

ಕಾಫಿ ಆರುತ್ತದೆ ಬಾ ಎಂದೆ.

ಮಾರ್ಚ್ ೧೫

ಮೂರು ತಿಂಗಳಿಗೊಮ್ಮೆ, ಒಮ್ಮೊಮ್ಮೆ ಐದು. ಈಗಲೂ ಹಾಗೇ, ವಯಸ್ಸಿನದೆಂದು ಬಿಟ್ಟಿದ್ದೇನೆ. ಇಪ್ಪತ್ತಾರರಲ್ಲಿ ಒಬ್ಬ ಹಿರಿಯ ಡಾಕ್ಟರು ಗರ್ಭಕೋಶ ದುರ್ಬಲ ಎಂದು ನನ್ನ ಅತ್ತೆಗೆ ಹೇಳಿದರು. ನನಗೆ ಹೇಳಲಿಲ್ಲ, ನಾನು ಹೊರಗೆ ಬೆಂಚಿನ ಮೇಲಿದ್ದೆ. ಇಪ್ಪತ್ತೊಂಬತ್ತರಲ್ಲಿ ಮದುವೆ ಮುರಿಯಿತು. ಆತನಿಗೆ ಈಗ ಇಬ್ಬರು ಮಕ್ಕಳಿದ್ದಾರೆ. ಪಿಸಿಓಎಸ್ ಎಂಬ ಹೆಸರು ಆಗಲೂ ಇತ್ತಂತೆ. ನನ್ನವರೆಗೆ ಬರಲಿಲ್ಲ.

ಇಷ್ಟನ್ನು ಇವತ್ತು ನಡೆಯುವಾಗ ತಮ್ಮನ ಹೆಂಡತಿಗೆ, ನನ್ನ ಡ್ರೈವರಮ್ಮನಿಗೆ, ಹೇಳಿದೆ. ಅಯ್ಯೋ ಪಾಪ ಎನ್ನುತ್ತಾಳೇನೋ ಎಂದು ಹೆದರಿದ್ದೆ. ಸ್ವಲ್ಪ ದೂರ ನಡೆದ ಮೇಲೆ, "ಆ ಮನುಷ್ಯನಿಗೆ ಡ್ರೈವಿಂಗ್ ಬರುತ್ತಾ?" ಎಂದು ಕೇಳಿದಳು.

"ಬರುತ್ತೆ."

"ಛೆ. ಬರದಿದ್ರೆ ನಾನೇ ಕಲಿಸ್ತಿದ್ದೆ."

ಬೇಕರಿಯ ಮುಂದೆ ನಿಂತು ಇಬ್ಬರೂ ನಕ್ಕೆವು. ಒಳಗಿನವನು ಏನು ಬೇಕು ಎಂದು ಕೈಸನ್ನೆ ಮಾಡಿದ.

ಮಾರ್ಚ್ ೩೦

ಎರಡನೆಯ ಸುತ್ತು. ಇಲ್ಲ.

ಏಪ್ರಿಲ್ ೬

ಡ್ರೈವರಮ್ಮ ವಾರವಿಡೀ ಮಾತು ಕಡಿಮೆ ಮಾಡಿದ್ದಳು. ಮನೆ ಮೊದಲಿನ ಹಾಗೆ ಸದ್ದಿಲ್ಲದೆ ಇತ್ತು. ಓದಲು ಕೂತರೆ ಓದಲಾಗಲಿಲ್ಲ.

ನಿನ್ನೆ ಸಂಜೆ ತಾನಾಗಿ ಬಂದು ಕೂತಳು. "ಒಂದು ಕೇಳ್ತೀನಿ, ಲ್ಯಾಬಿನವರ ಹಾಗೆ ಹೇಳಿ, ಅತ್ತಿಗೆ ಹಾಗೆ ಬೇಡ. ಇಷ್ಟು ವರ್ಷ ಅರ್ಧದಲ್ಲೇ ನಿಂತ ಮೊಟ್ಟೆ, ಈಗ ಹೊರಟ್ರೂ ಅದರಲ್ಲಿ ಜೀವ ಇರುತ್ತಾ?"

ನನಗೆ ಗೊತ್ತಿರುವುದು ಬೀಜ. ನಮ್ಮ ಪರೀಕ್ಷೆಯಲ್ಲಿ ಕೆಲವು ಬೀಜ ಕೊನೆಯವರೆಗೂ ನೀರು ಹೀರುವುದಿಲ್ಲ, ಮೊಳೆಯುವುದಿಲ್ಲ, ಕೊಳೆಯುವುದೂ ಇಲ್ಲ. ಅವನ್ನು ಸತ್ತವುಗಳ ಜೊತೆ ಸೇರಿಸುವಂತಿಲ್ಲ. ಗಟ್ಟಿಬೀಜ ಎಂದು ಬೇರೆಯೇ ಎಣಿಸುತ್ತೇವೆ. ಇದನ್ನು ಹೇಳಿದೆ.

"ಅವಕ್ಕೆ ಏನ್ ಮಾಡ್ತೀರಿ?"

"ಸಿಪ್ಪೆಗೆ ಒಂದು ಗೀರು ಹಾಕಿದ್ರೆ ನೀರು ಹೀರ್ತವೆ."

"ನನಗೂ ಒಂದು ಹಾಕಿಬಿಡಿ."

ಹೋಲಿಸಬಾರದಿತ್ತು. ಡಾಕ್ಟರನ್ನು ಕೇಳಿ ತಿಳಿದದ್ದನ್ನೇ ಹೇಳಿದೆ. ವರ್ಷಗಳ ಹಿಂದೆ ನಿಂತದ್ದು ಈಗ ಹೊರಡುವುದಿಲ್ಲ, ಅವು ಆಗಲೇ ಕರಗಿಹೋಗಿರುತ್ತವೆ. ಹೊಸವು ಬರುತ್ತಲೇ ಇರುತ್ತವೆ. ಈ ತಿಂಗಳು ಬಲಿಯುವ ಮೊಟ್ಟೆ ಎಚ್ಚರಗೊಂಡದ್ದು ಹಲವು ತಿಂಗಳ ಹಿಂದೆ, ಕೊನೆಯ ಮೂರು ತಿಂಗಳಲ್ಲೇ ಅದು ಹೆಚ್ಚು ಬೆಳೆಯುವುದು. ಅಂದರೆ ಹೆಚ್ಚುಕಮ್ಮಿ ನಾವು ನಡೆಯಲು ಶುರುಮಾಡಿದ ಮೇಲೆ. ಅದು ಚೆನ್ನಾಗಿರುತ್ತದೆಯೇ ಎಂದು ಯಾರೂ ಮೊದಲೇ ಹೇಳಲಾರರು. ಇರಲಾರದು ಎಂದೂ ಹೇಳಲಾರರು.

ಅವಳು ತಲೆಯಾಡಿಸಿದಳು. ಆಮೇಲೆ ಮಂಚದ ಕೆಳಗಿನಿಂದ ಒಂದು ಸಂಕಲನ ಎಳೆದು ಓದಿ ಎಂದಳು. ನನಗೆ ತುಂಬ ಇಷ್ಟದ ಒಂದು ಕವಿತೆ ಓದಿದೆ.

"ಚೆನ್ನಾಗಿದೆ. ಆದ್ರೆ ಗಾಡಿ ನ್ಯೂಟ್ರಲ್ಲಿನಲ್ಲೇ ಇದೆ" ಎಂದಳು.

ಇನ್ನೊಂದು ಓದಿದೆ. ಅದು ಮುಗಿದ ಮೇಲೆ ಪುಸ್ತಕ ಕೈಗೆ ತೆಗೆದುಕೊಂಡಳು. ಅದೇ ಪುಸ್ತಕ ಈಗ ಅವಳ ಕೋಣೆಯಲ್ಲಿದೆ.

ಅವಳ ಕಾಟಕ್ಕೆ ನಾನೂ ಸಕ್ಕರೆ ಪರೀಕ್ಷೆ ಮಾಡಿಸಿದೆ. ಗಡಿಯಲ್ಲಿದೆ. ಮಗುವಿನ ಮಾತು ಮುಗಿದ ಮೇಲೂ ಪಿಸಿಓಎಸ್ ಮುಗಿಯುವುದಿಲ್ಲವಂತೆ, ನನಗೂ ಸ್ಕ್ಯಾನ್ ಬರೆದುಕೊಟ್ಟಿದ್ದಾರೆ. ಮಾಡಿಸಬೇಕು.

ಏಪ್ರಿಲ್ ೨೮

ಮೂರನೆಯ ಸುತ್ತು. ಡಾಕ್ಟರು ಮೊದಲು ಬಲಗಡೆ ನೋಡಿದಳು. ಎಡಗಡೆ ನೋಡುತ್ತ ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿದಳು.

"ಬನ್ನಿ, ನೋಡಿ."

ಮಲಗಿದ್ದ ಹುಡುಗಿ ಕಣ್ಣು ಮುಚ್ಚಿಕೊಂಡಿದ್ದಳು. "ಅತ್ತಿಗೆ, ನೀವು ನೋಡಿ ಹೇಳಿ. ನಾನು ನೋಡಲ್ಲ."

ಹತ್ತಿರ ಹೋದೆ. ಚುಕ್ಕೆಗಳ ನಡುವೆ ಒಂದು ದುಂಡಗೆ, ದೊಡ್ಡದಾಗಿ, ಅಂಚು ಸ್ಪಷ್ಟವಾಗಿ. ಉಳಿದವು ಅದಕ್ಕೆ ಜಾಗ ಬಿಟ್ಟು ಪಕ್ಕಕ್ಕೆ ಸರಿದ ಹಾಗಿದ್ದವು.

"ಒಂದಿದೆ" ಎಂದೆ. ಮತ್ತೊಮ್ಮೆ ಹೇಳಿದೆ.

"ಒಂದೇನಾ?"

"ಒಂದೇ ಬೇಕಿರೋದು" ಎಂದಳು ಡಾಕ್ಟರು.

ಇಂಜೆಕ್ಷನ್ ಕೊಟ್ಟಿದ್ದಾರೆ. ಒಂದೂವರೆ ದಿನದಲ್ಲಿ ಮೊಟ್ಟೆ ಹೊರಬರುತ್ತದೆ, ಬಂದ ಮೇಲೆ ಒಂದು ದಿನ ಮಾತ್ರ ಅದರ ಆಯುಸ್ಸು. ನಾಳೆಯೊಳಗೆ ಗಂಡಹೆಂಡತಿ ಜೊತೆಗಿರಬೇಕು.

ತಮ್ಮನಿಗೆ ಫೋನು. ನಾಳೆ ಸೇತುವೆಗೆ ಕಾಂಕ್ರೀಟು ಹಾಕುವ ದಿನ, ಎಂಜಿನಿಯರು ಬಿಡುವುದಿಲ್ಲ, ರಜೆ ಒಂದೂ ಉಳಿದಿಲ್ಲ. ಎಲ್ಲ ಜನವರಿಯಲ್ಲೇ ಮುಗಿದಿವೆ. ಯಾರಿಂದ ಮುಗಿದವು ಎಂದು ಅವನು ಹೇಳಲಿಲ್ಲ. ಇವಳೂ ಹೇಳಲಿಲ್ಲ. ಫೋನು ಮೇಜಿನ ಮೇಲಿಟ್ಟು ಕ್ಯಾಲೆಂಡರಿನ ಮೊಳೆಯನ್ನು ನೋಡುತ್ತ ಕೂತಳು.

ನಾನು ಫೋನು ಎತ್ತಿಕೊಂಡೆ. "ನೀನು ಬರಬೇಡ. ನಾವೇ ಬರ್ತೀವಿ. ಅಲ್ಲಿ ಹತ್ತಿರ ಲಾಡ್ಜ್ ಯಾವುದಿದೆ ನೋಡಿಡು. ಮೈ ತೊಳ್ಕೊಂಡು ಬಾ."

ನಾಳೆ ಲ್ಯಾಬಿನಲ್ಲಿ ಒಂದು ಪರೀಕ್ಷೆಯ ಕಡೆಯ ಎಣಿಕೆ. ಸಹಾಯಕಿಗೆ ವಹಿಸಿದೆ. ಅವಳು ಎರಡು ಸಲ "ನೀವು ಬರಲ್ವಾ?" ಎಂದಳು.

ಏಪ್ರಿಲ್ ೩೦

ನಿನ್ನೆಯದನ್ನು ಬರೆಯುತ್ತಿದ್ದೇನೆ.

ಮುಂಜಾನೆ ಹೊರಟೆವು. ಹುಡುಗಿ ಸ್ಟಿಯರಿಂಗಿನಲ್ಲಿ, ನಾನು ಪಕ್ಕದಲ್ಲಿ, ಕಾಲ ಬುಡದಲ್ಲಿ ಕಲಿಸುವ ಮೇಷ್ಟರಿಗೆಂದು ಇಟ್ಟ ಎರಡನೇ ಬ್ರೇಕು. ಎದುರಿಗೆ ಲಾರಿ ಬಂದಾಗಲೆಲ್ಲ ನನ್ನ ಕಾಲು ತಾನಾಗಿ ಅದನ್ನು ತುಳಿಯುತ್ತಿತ್ತು.

"ಅತ್ತಿಗೆ, ಆ ಪೆಡಲ್ ಮುಟ್ಟಬೇಡಿ ಅಂದೆ."

"ಲಾರಿ ಬಂತಲ್ಲ."

"ಲಾರಿ ಅದರ ಪಾಡಿಗೆ ಬರುತ್ತೆ. ಕಾಲು ಮಡಚಿ ಕೂತ್ಕೊಳ್ಳಿ."

ದಾರಿಯುದ್ದಕ್ಕೂ ಕಾಲು ಮಡಚಿಯೇ ಕೂತಿದ್ದೆ. ಹಳದಿ ಬೋರ್ಡು ನೋಡಿ ಹಿಂದಿನವರೆಲ್ಲ ನಮ್ಮಿಂದ ದೂರವೇ ಉಳಿದರು. ಪೆಟ್ರೋಲ್ ಬಂಕಿನವನು ನನ್ನನ್ನು ನೋಡಿ, "ಈ ವಯಸ್ಸಲ್ಲಿ ಕಲಿಸ್ತಿದೀರಲ್ಲ ಅಮ್ಮಾ, ಮೆಚ್ಚಬೇಕು" ಎಂದ. ಹುಡುಗಿ, "ಮೊದಲನೇ ಪಾಠಾನೇ ಹೈವೇಲಿ" ಎಂದಳು.

ಸೈಟಿನ ಗೇಟಿನಲ್ಲಿ ಕಾವಲಿನವನು ಒಳಗೆ ಬಿಡಲಿಲ್ಲ. ಸಂಜೆ ತಮ್ಮನೇ ಹೊರಬಂದ, ತಲೆಗೂದಲು ಒದ್ದೆಯಾಗಿತ್ತು. ಹೇಳಿದ ಮಾತು ಕೇಳಿದ್ದ. ಲಾಡ್ಜಿನ ಮೇಲಿನ ಅಂತಸ್ತಿನಲ್ಲಿ ಅವರಿಗೊಂದು ಕೋಣೆ, ಕೆಳಗೆ ನನಗೊಂದು. ಅವರು ಮೆಟ್ಟಿಲು ಹತ್ತಿದರು. ಅರ್ಧದಲ್ಲಿ ಹುಡುಗಿ ತಿರುಗಿ, "ಅತ್ತಿಗೆ, ನೀವು ಊಟ ಮಾಡಿ, ಕಾಯಬೇಡಿ" ಎಂದಳು. ಕಾಯಬೇಡಿ ಎನ್ನುವಾಗ ಅವಳಿಗೇ ನಗು ಬಂತು. ತಮ್ಮ ಗೋಡೆಯ ಕಡೆ ಮುಖ ಮಾಡಿದ.

ನಾನು ಮುಂಭಾಗದ ಹೊಟೇಲಿನಲ್ಲಿ ಊಟ ಮಾಡಿದೆ. ಪುಸ್ತಕ ತಂದಿರಲಿಲ್ಲ. ಸೇತುವೆಯ ಕಡೆಯಿಂದ ಕಾಂಕ್ರೀಟು ತಿರುಗಿಸುವ ಯಂತ್ರದ ಸದ್ದು ಬರುತ್ತಿತ್ತು. ಪಾರ್ಕಿನಲ್ಲಿ ಕೂತ ಸಂಜೆ ಅನ್ನಿಸಿದ ಹಾಗೆ ಈಗ ಅನ್ನಿಸಲಿಲ್ಲ. ಚಹಾ ಇನ್ನೊಂದು ತರಿಸಿಕೊಂಡೆ.

ಮೇ ೪

ಲ್ಯಾಬಿನ ಎಣಿಕೆಯಲ್ಲಿ ಸಹಾಯಕಿ ಏನೂ ತಪ್ಪು ಮಾಡಿರಲಿಲ್ಲ. ನಮ್ಮ ಹುಡುಗಿ ಸಾವಕಾಶವಾಗಿ ನಡೆಯುತ್ತಾಳೆ, ತುಂಬಿದ ಲೋಟ ಹಿಡಿದವಳ ಹಾಗೆ. ಬೈಗುಳವೂ ಮೆಲ್ಲಗೆ.

ಮೇ ೧೩

ಬೆಳಿಗ್ಗೆ ಬಚ್ಚಲಿನ ಬಾಗಿಲು ತೆರೆದು ನಿಂತಳು.

"ಬಂತು ಅತ್ತಿಗೆ."

ನಾನು ಒಲೆ ಆರಿಸಿದೆ. ಅವಳು ಬಂದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು, ಬಹಳ ಹೊತ್ತು. ಪಕ್ಕದಲ್ಲಿ ಕೂತೆ. ಮಂಡಿ ಈಗ ಮಡಚಲು ಬರುತ್ತದೆ. ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡಿದ್ದೆ.

ಮೂಗು ಒರೆಸಿಕೊಂಡು ಏನೋ ಲೆಕ್ಕ ಹಾಕಿದಳು. ಬೆರಳು ಮಡಚಿ ಮತ್ತೆ ಎಣಿಸಿದಳು.

"ಅತ್ತಿಗೆ, ಈ ಸಲ ಬರಿಸೋ ಮಾತ್ರೆ ತಗೊಂಡೇ ಇಲ್ಲ."

"ಇಲ್ಲ."

"ತಾನಾಗೇ ಬಂತು. ಸರಿಯಾಗಿ ತಿಂಗಳಿಗೆ. ಹುಟ್ಟಿದಾಗಿಂದ ನನಗೆ ಹೀಗೆ ಬಂದಿಲ್ಲ."

ಡಾಕ್ಟರಿಗೆ ಫೋನು ಮಾಡಿದೆ. ಮೊಟ್ಟೆ ಬಲಿತು ಹೊರಬಿದ್ದರೆ ಮಾತ್ರ ಹೀಗೆ ದಿನಕ್ಕೆ ಸರಿಯಾಗಿ ಬರುತ್ತದೆ, ಗರ್ಭ ಕಟ್ಟಲಿಲ್ಲ ಅಷ್ಟೇ, ಯಾರಿಗೂ ಪ್ರತಿ ತಿಂಗಳು ಕಟ್ಟುವುದಿಲ್ಲ ಎಂದಳು. ಅದನ್ನು ಹಾಗೆಯೇ ಇವಳಿಗೆ ಒಪ್ಪಿಸಿದೆ. ಅಳುವುದೋ ನಗುವುದೋ ತೋಚದೆ ಇಬ್ಬರೂ ಕೂತೆವು. ಬಿಸಿಲು ಸಿಂಕಿನವರೆಗೆ ಬಂತು.

"ಮೂರು ಸುತ್ತು ಅಂದಿದ್ವಿ. ಮುಗೀತಲ್ಲ" ಎಂದಳು ಕೊನೆಗೆ.

"ಮೊದಲ ಎರಡರಲ್ಲಿ ಮೊಟ್ಟೆಯೇ ಇರಲಿಲ್ಲ. ಅವನ್ನ ಹ್ಯಾಗೆ ಲೆಕ್ಕಕ್ಕೆ ಹಿಡೀತೀಯ? ಇದು ಮೊದಲನೇದು."

ಅವಳು ನನ್ನ ಕಡೆ ನೋಡಿದಳು. "ಲ್ಯಾಬಲ್ಲೂ ಹೀಗೇ ಲೆಕ್ಕ ತಿದ್ದುತ್ತೀರಾ?"

"ಲ್ಯಾಬಲ್ಲಿ ತಿದ್ದಲ್ಲ."

ಅವಳು ಎದ್ದು ಹೋದಳು. ಸೂಟ್‌ಕೇಸು ಎಳೆಯುವ ಸದ್ದು ಬರುತ್ತದೇನೋ ಎಂದು ಕಿವಿಗೊಟ್ಟು ನಾನು ಅಲ್ಲೇ ಇದ್ದೆ. ಹಾಲು ಮತ್ತೆ ಬಿಸಿಗಿಟ್ಟೆ. ಕೋಣೆಯಲ್ಲಿ ತಮ್ಮನ ಜೊತೆ ಫೋನಿನಲ್ಲಿ ಮಾತು ನಡೆಯಿತು, ಏನೆಂದು ಕೇಳಿಸಲಿಲ್ಲ. ಆಮೇಲೆ ಒಳಗಿನಿಂದಲೇ ಕೂಗಿ ಕೇಳಿದಳು.

"ಅತ್ತಿಗೆ, ಮಾತ್ರೆ ಮೂರನೇ ದಿನದಿಂದ ಅಂದ್ರೆ ಇವತ್ತೂ ಸೇರಿಸಿನಾ?"

ಇವತ್ತೂ ಸೇರಿಸಿ, ಎಂದೆ.